ಮಲಗಿದ್ದ ಗರಿಯಯ್ಯ

ಗಂಗಾಧರಯ್ಯ ನನ್ನ ಹೆಸರು ಹಿಡಿದು ಕರೆದ ದಿವಸವೇ ನಂಗೆ ಅನುಮಾನ ಬಂತು.

ಅಲ್ಲೀಗಂಟ ಅವರ ಬಾಯಲ್ಲಿ ನಾನು 'ಲೇ ಇವಳೇ'. ಹೊಳೆನರಸೀಪುರದ ಪೇಟೇಲಿ ಅವರದ್ದು ಜವಳಿ ಅಂಗಡಿ, ನಮ್ಮೂರಲ್ಲಿ ಗದ್ದೆ. ಹದಿನೈದು ವರ್ಸ ಅವರ ಕಣ ಗುಡಿಸಿದ್ದೀನಿ. ನಂಗೂ ಒಂದು ಹೆಸರದೆ ಅನ್ನೋದು ಅವರಿಗೆ ಬೇಕಾಗಿರಲಿಲ್ಲ. ಅವತ್ತು ನಮ್ಮ ಹೊಲಗೇರಿ ಮುಂದೆ ಗಾಡಿ ನಿಲ್ಲಿಸಿ, ಬೆಟ್ಟಮ್ಮ ಚೆನ್ನಾಗಿದ್ದೀಯಾ ತಾಯಿ ಅಂದ್ರು. ಇನ್ಯಾವಳಾದ್ರೂ ಬೆಟ್ಟಮ್ಮ ನನ್ನ ಹಿಂದೆ ನಿಂತವಳಾ ಅಂತ ತಿರುಗಿ ನೋಡ್ದೆ. ಯಾರೂ ಇರಲಿಲ್ಲ. ಇವರಿಗೆ ನಮ್ಮಿಂದ ಏನೋ ಬೇಕಾಗದೆ, ಅದೂ ಸಣ್ಣದಲ್ಲ ಅಂದ್ಕೊಂಡೆ.

ಅವರಿಗೆ ಬೇಕಾಗಿದ್ದುದು ಗರಿಯಯ್ಯ.

ಗರಿಯಯ್ಯ ಸತ್ತು ಮುನ್ನೂರು ವರ್ಸ ಆಗದೆ ಅಂತಾರೆ. ತಾಳೆಗರಿ ಮೇಲೆ ಪದ ಬರೀತಿದ್ದನಂತೆ. ಹೇಮಾವತಿ ದಂಡೇಲಿ ಒಂದು ಹೊಂಗೆಮರ, ಅದರ ಬುಡದಲ್ಲಿ ಅವನ ಗುಡ್ಡೆ. ಸುತ್ತ ತಂಗಡಿ ಗಿಡ, ಕಳ್ಳಿ ಬೇಲಿ. ಆ ಬೇಲಿ ಒಳಗೇ ನಮ್ಮ ಕೇರಿಯೋರನ್ನ ಮಣ್ಣು ಮಾಡೋದು. ನಮ್ಮತ್ತೆ ಲಕ್ಕಮ್ಮ ಸೋಮವಾರಕ್ಕೊಂದು ದೀಪ ಹಚ್ಚೋಳು, ಸಾವಿನ ಮನೇಲಿ ಅವನ ಪದ ಹೇಳೋಳು. ಅವನು ಯಾವ ಜಾತಿ ಅಂತ ನಮ್ಮಲ್ಲಿ ಯಾರೂ ಕೇಳ್ತಿರಲಿಲ್ಲ. ನಮ್ಮ ಹೆಣಗಳ ನಡುವೆ ಇದ್ದೋನು, ನಮ್ಮೋನು, ಅಷ್ಟೇಯ. ನನ್ನ ಮಗಳು ಅಣ್ಣಮ್ಮನೂ ಅಲ್ಲೇ ಅವಳೆ. ಎರಡು ವರ್ಸದ ಕೂಸು, ದಡಾರ ಬಂದು ತೀರ್ಕಂಡಳು. ಅವಳ ತಲೆದೆಸೆಗೆ ಅತ್ತೆ ನಮ್ಮನೆ ಬೀಸೋಕಲ್ಲಿನ ಮುರುಕು ನೆಟ್ಟಿದ್ದಳು. ಈಗ ಅತ್ತೆನೂ ಅವಳ ಪಕ್ಕದಲ್ಲೇ.

ಗಂಡನ ಹೆಸರು ಹೇಳಬಾರದು ಅಂತಾರೆ. ನಾನು ಹೇಳ್ತೀನಿ, ಪೂರ್ತಿ ಹೇಳೋರು ಬೇರೆ ಯಾರೂ ಇಲ್ಲ. ಹೊನ್ನಯ್ಯ. ಊರೋರಿಗೆ 'ಹೊನ್ನ'. ಅವನು ಊರ ಕುಳವಾಡಿ. ಯಾರು ಸತ್ರೂ ನೆಂಟರೂರಿಗೆ ಓಡಿ ಸುದ್ದಿ ಮುಟ್ಟಿಸೋನು ಅವನು, ಗುಣಿ ತೋಡೋನು ಅವನು.

ಗುಣೀಲಿ ಎರಡು ತರ. ನಮ್ಮೋರ್ದು ಆಳುದ್ದದ ಗುಣಿ. ತೆಂಕಲಿಗೆ ತಲೆ ಮಾಡಿ ಅಂಗಾತ ಮಲಗಿಸ್ತೀವಿ, ನರಿ ಕೆದಕದಂಗೆ ಕಲ್ಲು ಹೇರಿ ಮೇಲೆ ಕಳ್ಳಿಮುಳ್ಳು ಮಡಗ್ತೀವಿ. ಗಂಗಾಧರಯ್ಯನಂಗೆ ಲಿಂಗ ಕಟ್ಟೋ ಸಿವಾಚಾರದೋರ್ದು ಚೌಕದ ಗುಣಿ. ಸತ್ತೋರ ಪಾದದುದ್ದಕ್ಕೆ ಒಂದು ಕಡ್ಡಿ ಮುರಿದು ಮನೆಯೋರು ನನ್ನ ಗಂಡನ ಮುಂದಕ್ಕೆ ಎಸೀತಾರೆ. ಆ ಕಡ್ಡೀಲಿ ಒಂಬತ್ತು ಪಾದ ಉದ್ದ, ಒಂಬತ್ತು ಪಾದ ಅಗಲ. ಇಳಿಯಾಕೆ ಮೂರು ಮೆಟ್ಟಲು. ಒಳಗೋಡೇಲಿ ಒಂದು ಗೂಡು. ಹೆಣಾನ ಆ ಗೂಡಲ್ಲಿ ಕೂರಿಸಿ, ಅಂಗೈಲಿ ಲಿಂಗ ಇಟ್ಟು, ಇಬೂತಿ ಉಪ್ಪು ತುಂಬಿ ಮುಚ್ತಾರೆ. ಗುಣಿ ತೋಡಿ ಮುಗೀತು ಅಂದ್ರೆ ನನ್ನ ಗಂಡ ಹತ್ತು ಮಾರು ಅತ್ತಗೆ ಓಗಿ ನಿಂತ್ಕಬೇಕು. ಅವನು ತುಳಿದ ಮಣ್ಣಿಗೆ ನೀರು ಚಿಮುಕಿಸಿ ಮಡಿ ಮಾಡ್ತಾರೆ. ಆಮೇಲೆ ಸತ್ತೋರ ಮಕ್ಕಳು, ಅಣ್ತಮ್ಮಂದಿರು ಇಳೀತಾರೆ. ಹೆಣಾನ ತಬ್ಬಿ ಹಿಡಿದು ಕೂರಿಸ್ತಾರೆ. ತಮ್ಮೋರ ಹೆಣ ಅಂದ್ರೆ ಅವರಿಗೆ ಒಂದಿಷ್ಟೂ ಅಸಹ್ಯ ಇಲ್ಲ. ಅದನ್ನ ನಾನು ಒಪ್ಕೋತೀನಿ. ದೂರದಿಂದ ಎಷ್ಟೋ ಸಲ ನೋಡಿದ್ದೀನಿ.

ಗಂಗಾಧರಯ್ಯನ ಜೊತೆ ಗಾಡೀಲಿ ಬಂದಿದ್ದೋರು ಹಾಸನದ ಚನ್ನಬಸವಯ್ಯ ಮೇಷ್ಟ್ರು. ಅವರನ್ನ ನಾನು ಕಂಡಿದ್ದೆ. ಅತ್ತೆ ಬದುಕಿದ್ದಾಗ ಬಂದು ಮೂರು ದಿನ ಪದ ಬರ್ಕೊಂಡಿದ್ರು. ಅವರು ಹೊಂಗೆ ನೆರಳಲ್ಲಿ ಮಡಿಸೋ ಕುರ್ಚಿ ಮೇಲೆ, ಅತ್ತೆ ಉರಿಬಿಸಿಲಲ್ಲಿ ನಿಂತ್ಕಂಡು. ಮೂರನೇ ದಿನ ಅವಳಿಗೆ ತಲೆ ತಿರುಗ್ತು. ನೆರಳಿಗೆ ಬಾ ಅಂತ ಅವರು ಒಂದು ಮಾತು ಅನ್ನಲಿಲ್ಲ. ಆಮೇಲೆ ಪುಸ್ತಕ ಅಚ್ಚಾಯ್ತು. ಅರಕಲಗೂಡಿಂದ ಬರೋ ಬಳೆಗಾರ ಅದನ್ನ ಓದಿ ಹೇಳ್ದ. ಗರಿಯಯ್ಯ ಸಿವಾಚಾರದ ದೊಡ್ಡ ಮನೆತನದೋನಂತೆ, ಹೆಸರು ಗರಿಯಾರ್ಯನಂತೆ. ನಮ್ಮತ್ತೆ ಹೆಸರು ಎಲ್ಲದೆ ನೋಡಪ್ಪ ಅಂದೆ. ಮೊದಲಿಂದ ಕೊನೇಗಂಟ ಹಾಳೆ ತಿರುವಿದ. ಇರಲಿಲ್ಲ.

ಈಗ ಗಂಗಾಧರಯ್ಯ ಗರಿಯಯ್ಯನ ಗದ್ದುಗೆ ಜೀರ್ಣೋದ್ಧಾರ ಅಂದ್ರು. ಗುಡ್ಡೆ ಬಿಚ್ಚಿ ಒಳಗಿನ ಗೂಡು ಕಂಡುಹಿಡಿದು, ಅದರ ಮೇಲೆ ಸರಿಯಾಗಿ ಕಲ್ಲುಮಂಟಪ ನಿಲ್ಲಿಸ್ತಾರಂತೆ. ಸುತ್ತ ಹೂವಿನ ತ್ವಾಟ, ಬಿಲ್ವದ ಸಸಿ, ಕಾಂಪೌಂಡು. ಕಾರ್ತೀಕ ಸೋಮವಾರ ಅಮಲ್ದಾರ್ರು ಬಂದು ನೋಡ್ತಾರಂತೆ. ನನ್ನ ಗಂಡ ಕೈ ಮುಗಿದು ನಿಂತಿದ್ದ. ಅವನ ಮುಖ ನೋಡಬೇಕಿತ್ತು, ಮದುವೇಲೂ ಅಷ್ಟು ಕುಸಿಯಾಗಿರಲಿಲ್ಲ.

ನಮ್ಮ ತಾತನಿಗೆ ಗುಡಿ ಆಯ್ತದೆ ಕಣೇ ಅಂದ. ಕಾಂಪೌಂಡು ಎಲ್ಲೀಗಂಟ ಬತ್ತದೆ ಕೇಳಿದ್ಯಾ ಅಂದೆ. ಕೇಳಿರಲಿಲ್ಲ. ಬಾಗಿಲ ಬೀಗ ಯಾರ ಕೈಲಿರ್ತದೆ ಕೇಳಿದ್ಯಾ ಅಂದೆ. ನಿನಗೆ ದೇವರು ಎದುರಿಗೆ ಬಂದ್ರೂ ಅನುಮಾನವೇ ಅಂತ ರೇಗ್ದ. ಹೌದು, ಅನುಮಾನವೇ. ದೇವರೂ ಅಂಗೆಲ್ಲ ಹೊಲಗೇರಿಗೆ ಗಾಡಿ ಕಟ್ಟಿಸ್ಕೊಂಡು ಬರಾಕಿಲ್ಲ.

ಯುದ್ಧ ಸುರುವಾದ ವರ್ಸ ಅದು. ದಿನಾ ಹೊತ್ತು ಹುಟ್ಟೋ ಮುಂಚೆ ಗುಡ್ಡೆ ಹತ್ರ ಕೆಲಸಕ್ಕೆ ಓಗ್ತಿದ್ವಿ. ಕಳ್ಳಿ ಕಡಿದ್ವಿ. ಅದರ ಹಾಲು ಬಿದ್ದು ನನ್ನ ಎಡಗೈ ಬೊಬ್ಬೆ ಎದ್ದು ಸಿಪ್ಪೆ ಸುಲೀತು. ತಂಗಡಿ ಬೇರು ಕೀಳಾಕೆ ನನ್ನ ಗಂಡ ಹಾರೆ ಹಾಕಿ ಮೈಯೆಲ್ಲ ಬಿಟ್ಟು ತೂಗಾಡ್ತಿದ್ದ. ನಾಕನೇ ದಿನ ಗೂಟ ಹೊಡೆದು ಹುರಿ ಎಳೆದ್ರು. ಹುರಿ ಹಿಡ್ಕಂಡೇ ಒಂದು ಸುತ್ತು ನಡೆದೆ. ನಮ್ಮತ್ತೆ ಒಳಗೆ, ಅಣ್ಣಮ್ಮ ಒಳಗೆ, ನಮ್ಮ ಕೇರಿ ಹೆಣ ಪೂರಾ ಒಳಗೆ.

ಇದರೊಳಗೆ ನಮ್ಮೋರನ್ನ ಮಣ್ಣು ಮಾಡಾಕೆ ಬುಡ್ತೀರಾ ಬುದ್ದಿ ಅಂತ ಗಂಗಾಧರಯ್ಯನ್ನ ಕೇಳ್ದೆ. ಎಲ್ಲಾ ಒಳ್ಳೇದಾಗುತ್ತೆ ತಾಯಿ ಅಂದ್ರು. ಇದು ಉತ್ತರವಾ? ಬೈರಯ್ಯ ಅಂತ ನಮ್ಮೂರ ತಳವಾರ, ಅವನು ಕಿವೀಲಿ ಹೇಳ್ದ. ಒಳಗೆ ಗೂಡು ಸಿಕ್ಕಿ ಇದು ಸಿವಾಚಾರದ ಗದ್ದುಗೆ ಅಂತ ರುಜುವಾತಾದ್ರೆ ಅಮಲ್ದಾರ್ರು ಜಾಗ ಪೂರ್ತಿ ಗಂಗಾಧರಯ್ಯನೋರ ಗದ್ದುಗೆ ಸಮಿತಿಗೆ ಬರೀತಾರೆ, ನಿಮಗೆ ಹಳ್ಳದಾಚೆ ಕಲ್ಲುಬೋರೆ ತೋರಿಸ್ತಾರೆ ಅಂತ. ಆ ಬೋರೇಲಿ ಗುದ್ಲಿ ಒಂದು ಗೇಣು ಇಳಿಯಾಕಿಲ್ಲ. ಅಲ್ಲಿ ಹೆಣ ಇಟ್ರೆ ಬೆಳಗಾಗೋ ಹೊತ್ತಿಗೆ ನರಿ ಪಾಲು. ಗಂಡನಿಗೆ ಹೇಳ್ದೆ. ದೊಡ್ಡೋರು ಅಂಗೆಲ್ಲ ಮಾಡಾಕಿಲ್ಲ ಅಂದ.

ಮಾರನೇ ದಿನ ಕಾಂಪೌಂಡಿನ ಪಾಯಕ್ಕೆ ಕಲ್ಲು ಹೊರ್ತಿದ್ದೆ. ಕಲ್ಲೆಲ್ಲ ನಮ್ಮ ಗುಣಿಗಳ ಮೇಲಿನವೇ. ಬ್ಯಾಡ ಅಂದ್ರೆ ಬೇರೆ ಆಳು ಹೊರ್ತಾರೆ ಅಂತ ಬಾಯಿ ಮುಚ್ಕಂಡು ಹೊರ್ತಿದ್ದೆ. ಮಂಕರಿ ತುಂಬಿ ಎತ್ತಿ ಕೊಡೋನು ಬೇರೊಬ್ಬ, ಒಳಗೇನದೆ ನಂಗೆ ಕಾಣಾಕಿಲ್ಲ. ಪಾಯದ ಅಂಚಲ್ಲಿ ಮಂಕರಿ ಮಗುಚಿದೆ. ಬೀಸೋಕಲ್ಲಿನ ಮುರುಕು ಉರುಳ್ತು. ಗೂಟ ಹಾಕೋ ತೂತು ಅರ್ಧ ಇದ್ದುದು, ನಮ್ಮನೇದು. ನನ್ನ ಮಗಳ ತಲೆದೆಸೆ ಕಲ್ಲನ್ನ ನಾನೇ ತಲೆ ಮೇಲೆ ಹೊತ್ಕಂಡು ಬಂದು ಅವರ ಪಾಯಕ್ಕೆ ಹಾಕಿದ್ದೆ. ಅಲ್ಲೇ ಕುಕ್ಕರಿಸಿದೆ. ಅಳು ಬರಲಿಲ್ಲ. ಕಲ್ಲನ್ನ ಸೆರಗಲ್ಲಿ ಸುತ್ತಿ ಹೊಂಗೆಮರದ ಬೇರಿಗೆ ಒರಗಿಸಿ ಬಂದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಕಾರ್ತೀಕ ಸೋಮವಾರ ಬಂತು. ಇಳಿಹೊತ್ತಿಗೆ ಅಮಲ್ದಾರ್ರು ಬರೋದಿತ್ತು. ಬೆಳಗ್ಗೆಯೇ ಗುಡ್ಡೆ ಬಿಚ್ಚಾಕೆ ಹಿಡಿದ್ವಿ. ಗಂಡ ತೋಡೋದು, ನಾನು ಮಣ್ಣು ಹೊರೋದು. ಗಂಗಾಧರಯ್ಯ, ಮೇಷ್ಟ್ರು ಕೊಡೆ ಹಿಡ್ಕಂಡು ಮೇಲೆ ನಿಂತಿದ್ರು. ಪೂಜೆಗೆ ಅಂತ ಇಬೂತಿ ಗಟ್ಟಿ, ಬಿಲ್ವಪತ್ರೆ ತಂದಿದ್ರು. ಸೊಂಟದುದ್ದ ಇಳಿದ ಮೇಲೆ ನನ್ನ ಗಂಡ ಒಂದು ಚಿಟಿಕೆ ಮಣ್ಣು ತಗೊಂಡು ನಾಲಗೆ ಮೇಲಿಟ್ಕಂಡ. ಉಪ್ಪು ತುಂಬಿದ ಗುಣಿ ಮಣ್ಣು ಎಷ್ಟು ಕಾಲವಾದ್ರೂ ಗೊತ್ತಾಯ್ತದೆ ಅಂತಿದ್ದ. ಉಗಿದು ನನ್ನ ಕಡೆ ನೋಡ್ದ. ಉಪ್ಪಿರಲಿಲ್ಲ. ಇನ್ನೊಂದು ಮೊಳ ಇಳಿದ. ಚಪ್ಪಡಿ ಕಲ್ಲು ಸಾಲಾಗಿ ಸಿಕ್ಕಿದ್ವು, ಒಂದಾಳುದ್ದಕ್ಕೆ. ಒಂದೊಂದೇ ಎತ್ತಿ ಕೊಟ್ಟ.

ಕೆಳಗೆ ಗರಿಯಯ್ಯ ಮಲಗಿದ್ದ. ಕಾಲಿನ ಮೂಳೆ ಎರಡೂ ನೀಟಾಗಿ ಚಾಚ್ಕಂಡಿದ್ವು. ತೆಂಕಲಿಗೆ ತಲೆ. ಬಲಗೈ ಮೂಳೆ ಹತ್ರ ಗೇಣುದ್ದದ ತುಕ್ಕು ಹಿಡಿದ ಕಬ್ಬಿಣ, ಒಂದು ತುದಿ ಚೂಪು.

"ಕಂಟ," ಅಂದ್ರು ಮೇಷ್ಟ್ರು. ಗರಿ ಮೇಲೆ ಬರೆಯೋ ಕಂಟ. ಅವರ ದನಿ ಬಿದ್ದೋಗಿತ್ತು. ಅದು ಗರಿಯಯ್ಯನೇ, ಅನುಮಾನ ಇಲ್ಲ. ಗೂಡು ಇಲ್ಲ, ಚೌಕ ಇಲ್ಲ, ಉಪ್ಪಿಲ್ಲ, ಲಿಂಗ ಇಲ್ಲ. ನಾವು ಹೆಂಗೆ ಮಲಗಿಸ್ತೀವೋ ಅಂಗೇ ಮಲಗಿಸಿದ್ರು. ಮೇಷ್ಟ್ರಿಗೆ ಗೊತ್ತಾಯ್ತು. ನನ್ನ ಮುಖ ನೋಡಿ ಕಣ್ಣು ತಪ್ಪಿಸಿದ್ರು.

ಗಂಗಾಧರಯ್ಯ ಸುತ್ತ ನೋಡಿದ್ರು. ನಾವು ನಾಕು ಜನ ಬಿಟ್ರೆ ಯಾರೂ ಇಲ್ಲ.

"ಲೇ ಹೊನ್ನ, ಇದನ್ನೇ ಅಗಲ ಮಾಡಿ ಚೌಕ ತೆಗಿ. ಗೋಡೇಲಿ ಗೂಡು ಮಾಡು. ಆ ಮೂಳೆ ಎತ್ತಿ ಅದರೊಳಗೆ ಕೂರಿಸು. ಅಮಲ್ದಾರ್ರು ಬರೋ ಹೊತ್ತಿಗೆ ಆಗಬೇಕು."

ನನ್ನ ಗಂಡನ ಕೈಗೆ ಅಭ್ಯಾಸ, ಬಾಯಿಗೂ ಅಭ್ಯಾಸ. ಪಾದದ ಅಳತೆ ಬುದ್ದಿ ಅಂತ ಕೇಳ್ದ. ಮುನ್ನೂರು ವರ್ಸದ ಹೆಣದ ಪಾದ ಎಲ್ಲಿಂದ ಬರಬೇಕು? ಗಂಗಾಧರಯ್ಯನಿಗೆ ರೇಗಿಹೋಯ್ತು. ಜೋಡು ಬಿಟ್ಟು ಹಸಿಮಣ್ಣಲ್ಲಿ ತಮ್ಮ ಪಾದ ಊರಿ ಎತ್ತಿ, ಇದನ್ನೇ ಅಳಿ ಅಂದ್ರು. ಬದುಕಿರೋರ ಪಾದಕ್ಕೆ ಗುಣಿ ಅಳೆಯೋದು ಯಾರೂ ಮಾಡಿರೋದಲ್ಲ. ಬ್ಯಾಡ ಬುದ್ದಿ ಅಂದ ನನ್ನ ಗಂಡ. ಅಳಿಯೋ ಅಂತ ಗದರಿದ್ರು. ಅವನು ತಂಗಡಿ ಕಡ್ಡಿ ಮುರಿದು ಆ ಗುರುತಿನ ಪಕ್ಕ ಇಟ್ಟು ಅಳತೆ ತಗೊಂಡ.

ತೋಡ್ದ. ಒಂದು ದಿನದ ಕೆಲಸ ಅರ್ಧ ದಿನದಲ್ಲಿ ತೋಡ್ದ. ಬೆವರು ಇಳಿದು ಅವನ ಲಂಗೋಟಿ ನೆಂದುಹೋಗಿತ್ತು. ನನ್ನ ಕತ್ತಿನ ನರ ಕಿತ್ತುಬರಂಗಾಗಿತ್ತು. ಮಂಕರಿ ತಗೊಳ್ಳಾಕೆ ಬಗ್ಗಿದಾಗೆಲ್ಲ ಕೇಳ್ದೆ, ಏನು ಮಾಡ್ತಿದ್ದೀಯ ನೀನು ಅಂತ. ಸುಗ್ಗೀಲಿ ಕಣದ ಪಾಲು ಬ್ಯಾಡವಾ, ಹೊಟ್ಟೆಗೇನು ಮಣ್ಣು ತಿನ್ನಾನಾ ಅಂದ. ಮೆಟ್ಟಲು ತಿದ್ದೋವಾಗ ಇನ್ನೊಂದು ಸಲ ಬಗ್ಗಿ ಕೇಳ್ದೆ.

"ನಾಳೆ ನಮ್ಮ ಅಣ್ಣಮ್ಮನ ಮೂಳೆನೂ ಅಗೀತೀಯಾ? ಕಲ್ಲುಬೋರೆಗೆ ಹೊತ್ಕಂಡು ಓಯ್ತೀಯಾ?"

ಅವನ ಗುದ್ಲಿ ನಿಧಾನ ಆಯ್ತು.

ಗೂಡೂ ಆಯ್ತು. ಇನ್ನು ಮೂಳೆ ಎತ್ತಬೇಕು. ನನ್ನ ಗಂಡ ಗರಿಯಯ್ಯನ ತಲೆ ಹತ್ರ ಕುಕ್ಕರಗಾಲಲ್ಲಿ ಕೂತ. ಎರಡು ಕೈ ಚಾಚ್ದ. ಚಾಚಿದ ಕೈ ಅಲ್ಲೇ ನಿಂತ್ವು. ನನ್ನ ಕೈಯಿಂದ ಆಯ್ತಿಲ್ಲ ಕಣೇ, ನಮ್ಮಪ್ಪನ್ನ ಮಲಗಿಸಿದಂಗೇ ಮಲಗವ್ನೆ ಅಂದ. ಎದ್ದು ಮೆಟ್ಟಲು ಹತ್ತಿ ಮೇಲೆ ಬಂದ. ಗುದ್ಲಿ ಗುಣಿಯೊಳಗೇ ಬಿಟ್ಟಿದ್ದ.

ಅಷ್ಟರಲ್ಲಿ ರಸ್ತೇಲಿ ಮೋಟಾರು ನಿಂತ ಸದ್ದು. ಅಮಲ್ದಾರ್ರು ಇಳಿದ್ರು. ಹಿಂದೆ ಗಾಡಿಗಳಲ್ಲಿ ಹಾಸನದೋರು, ಅರಕಲಗೂಡಿನೋರು, ಚನ್ನರಾಯಪಟ್ಟಣದೋರು. ಜರಿ ಪೇಟ, ಶಲ್ಯ, ಹಣೆ ತುಂಬ ಇಬೂತಿ. ಐವತ್ತು ಜನಕ್ಕೆ ಕಮ್ಮಿ ಇರಲಿಲ್ಲ. ಗಂಗಾಧರಯ್ಯ ಹಲ್ಲು ಕಚ್ಕಂಡು, ಇಳಿಯೋ ಹೊನ್ನ ಇಳಿಯೋ, ಸುಟ್ಟುಬುಡ್ತೀನಿ ಕೇರಿಯ ಅಂತ ಪಿಸುಗುಟ್ಟಿದ್ರು. ಬೆಟ್ಟಮ್ಮನೂ ಇಲ್ಲ, ತಾಯಿನೂ ಇಲ್ಲ ಈಗ. ನನ್ನ ಗಂಡ ಮತ್ತೆ ಮೆಟ್ಟಲ ಕಡೆ ತಿರುಗ್ದ. ಬೆನ್ನು ಬಗ್ಗಿಹೋಗಿತ್ತು. ಆ ಬೆನ್ನು ನೋಡಿ ನನಗೆ ತಡೀಲಾರದೇ ಹೋಯ್ತು. ಅವನ ರೆಟ್ಟೆ ಹಿಡಿದು ನಿಲ್ಲಿಸಿದೆ.

ಅಮಲ್ದಾರ್ರು ಗುಣಿ ಅಂಚಿಗೆ ಬಂದು ಬಗ್ಗಿ ನೋಡ್ತಿದ್ರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಗಾಧರಯ್ಯನ್ನ ನೋಡಿ ಹೇಳ್ದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಬುದ್ದಿ, ನಿಮ್ಮೋರು ಸತ್ರೆ ಗುಣಿ ತೋಡೋದು ನಾವು, ಇಳಿದು ಕೂರ್ಸೋದು ನೀವು. ಗರಿಯಯ್ಯ ನಿಮ್ಮೋನು ಅಂತೀರಿ. ಗುಣಿ ತೋಡಿ ಆಯ್ತು. ನಾವು ಅತ್ತಗೆ ಓಯ್ತೀವಿ. ನೀರು ಚಿಮುಕಿಸ್ಕಳಿ. ಇಳಿದು ಎತ್ತಿ ಕೂರ್ಸಿ."

ಗಂಡನ್ನ ಎಳ್ಕಂಡು ಹತ್ತು ಮಾರು ನಡೆದೆ. ಯಾವಾಗಲೂ ಎಲ್ಲಿ ನಿಲ್ತೀವೋ ಅಷ್ಟು ದೂರದಲ್ಲೇ ನಿಂತ್ಕಂಡ್ವಿ.

ಏನಂತಾಳೆ ಆ ಹೆಂಗಸು ಅಂತ ಅಮಲ್ದಾರ್ರು ಕೇಳಿದ್ರು. ಮೇಷ್ಟ್ರು ನೆಲ ನೋಡ್ಕಂಡು ಅಷ್ಟಿಷ್ಟು ಹೇಳಿದ್ರು. ಅಮಲ್ದಾರ್ರು, ಸರಿಯಾಗೇ ಹೇಳ್ತಿದ್ದಾಳಲ್ಲ, ನಿಮ್ಮ ಪದ್ಧತಿ ಅಂಗೇ ಅಲ್ಲವಾ, ಮಾಡಿ ಅಂದ್ರು.

ಯಾರೂ ಅಲ್ಲಾಡಲಿಲ್ಲ. ಮೂರು ಮೆಟ್ಟಲು. ನನ್ನ ಗಂಡನೇ ತಿದ್ದಿದ ಚೊಕ್ಕ ಮೆಟ್ಟಲು. ಗಂಗಾಧರಯ್ಯ ಶಲ್ಯ ಎಡ ಹೆಗಲಿಂದ ಬಲ ಹೆಗಲಿಗೆ ಹಾಕ್ಕಂಡ. ಬಲ ಹೆಗಲಿಂದ ಎಡಕ್ಕೆ ಹಾಕ್ಕಂಡ. ಮಲಗಿರೋ ಮೂಳೆ ಎಲ್ಲರಿಗೂ ಕಾಣ್ತಿತ್ತು. ಯಾರ ಪೈಕಿ ಅಂತಾನೂ ಕಾಣ್ತಿತ್ತು. ಮೇಷ್ಟ್ರು ಒಬ್ಬನೇ ಒಂದು ಮೆಟ್ಟಲು ಇಳಿದ. ಎರಡನೇದು ಇಳಿದ. ಇಳಿ, ಇಳಿ ಅಂತ ನಾನು ಮನಸಲ್ಲೇ ಅಂದೆ, ಆಣೆಯಾಗೂ ಅಂದೆ. ಇಳಿದು ಮುಟ್ಟಿದ್ದಿದ್ರೆ ನಾನು ಸೋಲ್ತಿದ್ದೆ, ಜಾಗನೂ ಹೋಗ್ತಿತ್ತು. ಆದ್ರೂ ಒಬ್ಬನಾದ್ರೂ ಇಳೀಲಿ ಅನ್ನಿಸ್ತು. ಅವನ ಕೈ ಮುಂದಕ್ಕೆ ಬಂತು, ಬೆರಳು ಮಡಚ್ಕಂಡ್ವು. ಹಿಂದ್ಹಿಂದಕ್ಕೇ ಮೆಟ್ಟಲು ಹತ್ತಿ ಪಂಚೆ ಒದರಿಕೊಂಡ.

ಐವತ್ತು ಜನ. ಸುಳ್ಳಿಗಾದ್ರೂ ಒಬ್ಬ ಇಳೀಲಿಲ್ಲ.

ಅಮಲ್ದಾರ್ರು ಗುಣಿ ನೋಡಿದ್ರು, ನಮ್ಮನ್ನ ನೋಡಿದ್ರು. ಗದ್ದುಗೆ ಬೇರೆಲ್ಲಾದ್ರೂ ಕಟ್ಕೊಳ್ಳಿ ಅಂತ ಮೋಟಾರು ಹತ್ತಿದ್ರು. ಸಮಿತಿಗೆ ಜಾಗ ಬರೀಲಿಲ್ಲ. ನಮಗೆ ಅಂತಾನೂ ಬರೀಲಿಲ್ಲ. ಹೊಗಳಾಕೆ ಏನೂ ಇಲ್ಲ.

ಎಲ್ಲಾ ಹೋದ ಮೇಲೆ ನಾವಿಬ್ಬರೂ ಇಳಿದ್ವಿ. ಕಂಟ ಅವನ ಕೈ ಹತ್ರವೇ ಇಟ್ಟು ಚಪ್ಪಡಿ ಮುಚ್ಚಿದ್ವಿ. ಇಬೂತಿ ಗಟ್ಟಿ ಅವರ ಪಾಯಕ್ಕೆ ಎಸೆದೆ. ಮಣ್ಣು ಎಳೆದು ಕಲ್ಲು ಹೇರಿ ಕಡಿದು ಬಿದ್ದಿದ್ದ ಕಳ್ಳೀನೇ ಮೇಲೆ ಮಡಗಿದ್ವಿ. ಹೊಂಗೆ ಬೇರಿಗೆ ಒರಗಿಸಿದ್ದ ಬೀಸೋಕಲ್ಲಿನ ಮುರುಕನ್ನ ತಂದು ನನ್ನ ಮಗಳ ತಲೆದೆಸೆಗೆ ನೆಟ್ಟೆ. ಆಗ ಅಳು ಬಂತು. ನನ್ನ ಗಂಡನೂ ಅತ್ತ.

ಆ ಸುಗ್ಗೀಲಿ ನಮಗೆ ಒಂದು ಮೊರ ರಾಗಿ ಸಿಗಲಿಲ್ಲ. ಕುಳವಾಡಿಕೆ ಕಿತ್ಕಂಡು ಚನ್ನರಾಯಪಟ್ಟಣದ ಕಡೆಯೋನೊಬ್ಬನಿಗೆ ಕೊಟ್ರು. ಹಾಸನದ ರಸ್ತೇಲಿ ಜಲ್ಲಿ ಒಡೀತಾ ಬದುಕಿದ್ವಿ. ಒಂದು ಚೂರು ಸಿಡಿದು ನನ್ನ ಗಂಡನ ಬಲಗಣ್ಣು ಹೋಯ್ತು. ನಿನ್ನ ಮಾತು ಕೇಳಿ ಇಂಗಾಯ್ತು ಅಂತ ಅವನು ಒಂದು ದಿನವೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು, ಜಗಳ ಆಡಿ ಹಗುರಾಗ್ತಿದ್ದೆ.

ಗದ್ದುಗೆ ಕಟ್ಟಿದ್ರು, ಹೊಳೆನರಸೀಪುರದ ರಸ್ತೆ ಮಗ್ಗುಲಲ್ಲಿ. ಕಲ್ಲುಕಂಬ, ಕಣಗಿಲೆ ಸಾಲು, ಬಾಗಿಲಿಗೆ ಬೀಗ. ಒಳಗೆ ಒಂಬತ್ತು ಪಾದದ ಚೌಕ ಗುಣಿ, ಅದಕ್ಕೊಂದು ಗೂಡು. ತೋಡಿದ್ದು ಆ ಹೊಸ ಕುಳವಾಡಿ. ಅವನೇ ಹೇಳ್ದ, ಗಂಗಾಧರಯ್ಯ ಅದೇ ತಂಗಡಿ ಕಡ್ಡಿ ಕೊಟ್ಟನಂತೆ. ಒಳಗೆ ಒಂದು ಉಗುರೂ ಇಲ್ಲ. ಕಾರ್ತೀಕ ಸೋಮವಾರ ಜನ ಬತ್ತಾರೆ, ಕಾಯಿ ಒಡೀತಾರೆ, ಗಂಗಾಧರಯ್ಯನ ಪಾದದ ಅಳತೆ ಗುಣಿಗೆ ಅಡ್ಡಬೀಳ್ತಾರೆ.

ಪೇಟೇಲಿ ಸ್ವತಂತ್ರದ ಬಾವುಟ ಹಾರಿಸಿದ ವರ್ಸ ಮೇಷ್ಟ್ರು ಒಬ್ಬನೇ ಬಂದ. ಗುಡ್ಡೆ ಹತ್ರಕ್ಕೇ ಬಂದ. ಕೂದಲು ಬೆಳ್ಳಗಾಗಿತ್ತು. ನಾನು ದೀಪಕ್ಕೆ ಬತ್ತಿ ಹೊಸೀತಿದ್ದೆ. ಅವನು ಹೊಂಗೆ ನೆರಳಿಂದಾಚೆ ಬಿಸಿಲಲ್ಲೇ ನಿಂತ. ನಾನು ಸಾಯೋದ್ರೊಳಗೆ ಪುಸ್ತಕ ತಿದ್ದಬೇಕು ಬೆಟ್ಟಮ್ಮ ಅಂದ, ನಿಮ್ಮತ್ತೆ ಹೆಸರೂ ಹಾಕ್ತೀನಿ ಅಂದ. ಆ ಕಂಟ ಒಂದು ಸಿಕ್ಕಿದ್ರೆ ಫೋಟೋ ತೆಗೆಸಿ ಹಾಕಬಹುದಿತ್ತು ಅಂದ.

ನಿಜವೇ ಇರಬಹುದು. ಇನ್ನೊಂದು ಮೋಸವೂ ಇರಬಹುದು. ಅವನ ಕಣ್ಣಲ್ಲಿ ನೀರಿತ್ತು. ಕಣ್ಣೀರು ನೋಡಿ ನಂಬೋ ವಯಸ್ಸು ನಂದು ದಾಟಿತ್ತು.

ಕೇರಿಗೆ ಓಗಿ ಗುಡಿಸಲಿಂದ ನನ್ನ ಗಂಡನ ಗುದ್ಲಿ ತಂದು ಅವನ ಮುಂದೆ ನೆಲದ ಮೇಲೆ ಮಡಗಿದೆ.

"ಕಂಟ ಗರಿಯಯ್ಯನ ಕೈಲೇ ಅದೆ. ತೋಡಿ ತಗಳಿ ಓಗಿ."

ಮೇಷ್ಟ್ರು ಬಗ್ಗಿದ. ಗುದ್ಲಿ ಕಾವು ಇಪ್ಪತ್ತು ವರ್ಸ ನನ್ನ ಗಂಡನ ಅಂಗೈ ಬೆವರು ಕುಡಿದು ಕರ್ರಗೆ ಹೊಳೀತಿತ್ತು. ಅವನು ಅದನ್ನೇ ನೋಡ್ತಾ ಬಹಳ ಹೊತ್ತು ಬಗ್ಗಿದ್ದ. ನಾನು ಬತ್ತಿ ಹೊಸೆದು ಮುಗಿಸಿದೆ, ಎಣ್ಣೆ ಹುಯ್ದೆ, ದೀಪ ಹಚ್ಚಿದೆ. ತಿರುಗಿ ನೋಡಿದಾಗ ಅವನು ರಸ್ತೆ ಮುಟ್ಟಿದ್ದ. ಗುದ್ಲಿ ನಾನು ಮಡಗಿದ್ದಲ್ಲೇ ಇತ್ತು.